ಷಡ್ಡಕನ ಹನಿಗಳು

ಹೊಟ್ಟೆಕಿಚ್ಚು ಪಡಲು ಪಕ್ಕದ ಮನೆಯವರು ಬಂಗಲೆ ಕಟ್ಟಿಸಬೇಕೆಂದೇನಿಲ್ಲ; ಓದಿದ ಷಡ್ಡಕನೊಬ್ಬನಿದ್ದರೆ ಧಾರಾಳ ಸಾಕು. ನಾನು ಶಿಕಾರಿಪುರದಲ್ಲಿ ಭೌತಶಾಸ್ತ್ರದ ಮೇಷ್ಟ್ರು. ನನ್ನ ಹೆಂಡತಿಯ ತಂಗಿಯ ಗಂಡ ಸೊರಬದಲ್ಲಿ ಅದೇ ಪಾಠ ಮಾಡುತ್ತಾನೆ. ವ್ಯತ್ಯಾಸವಿಷ್ಟೆ: ಗುಂಡಿಯ ಮೇಲೆ ಗಾಳಿ ಬೀಸಿದಾಗ ಆ ಗಾಳಿಯಲ್ಲಿ ತೇಲಿಬರುವ ನೀರಹನಿ ಎತ್ತ ಹೋಗುತ್ತದೆ ಎಂದು ವರ್ಷಗಟ್ಟಲೆ ನೋಡಿ ಅವನು ಡಾಕ್ಟರೇಟ್ ಪಡೆದ. ನಾನು ಪಡೆದದ್ದು ಬೊಜ್ಜು. "ನೀವೂ ಏನಾದ್ರೂ ನೋಡಬಾರ್ದಾಗಿತ್ತೇನ್ರೀ?" ಎನ್ನುತ್ತಾಳೆ ಹೆಂಡತಿ, ನಾನು ಟೀವಿ ನೋಡುತ್ತಿರುವಾಗಲೇ.

ಹೋಗಲಿ ಎಂದರೆ, ನಮ್ಮ ಕಾಲೇಜಿನ ವಿಜ್ಞಾನ ಕಾರ್ಯಕ್ರಮಕ್ಕೂ ಪ್ರಿನ್ಸಿಪಾಲರು ಅವನನ್ನೇ ಕರೆದರು. ನನ್ನ ಒಂದು ಭಾಷಣಕ್ಕೂ ಬಾರದ ಹೆಂಡತಿ ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಳು. ಅವನು ಮೇಜಿನ ಮೇಲೆ ಹಲಗೆಯಿಟ್ಟ. ಅದರ ನಡುವೆ ಒಂದು ಗುಂಡಿ. ಪಕ್ಕದಲ್ಲಿ ಫ್ಯಾನು. ನೀಲಿ ಬಣ್ಣದ ನೀರನ್ನು ಮಂಜಿನಂತೆ ಸಿಂಪಡಿಸಿದ. ಸಣ್ಣ ಹನಿಗಳು ಗಾಳಿಯ ಸುಳಿಗೆ ಸಿಕ್ಕಿ ಗುಂಡಿಯೊಳಗೆ ಇಳಿದವು. ತಳದಲ್ಲಿಟ್ಟಿದ್ದ ಬಿಳಿ ಕಾಗದ ನೀಲಿಯಾಯಿತು. ಚಪ್ಪಾಳೆಯೋ ಚಪ್ಪಾಳೆ.

ನನಗೆ ತಡೆಯಲಾಗಲಿಲ್ಲ. ಸಿಕ್ಕಿಬೀಳಲಿ ಎಂದೇ ಎದ್ದು, "ಹನಿ ದೊಡ್ಡದಾಗಿದ್ದರೆ?" ಎಂದೆ.

"ಒಳ್ಳೇ ಪ್ರಶ್ನೆ ಕೇಳಿದ್ರಿ ನೋಡ್ರಿ! ಇಲ್ಲಿ ಬರ್ರಿ" ಎಂದು ನನ್ನನ್ನು ಗುಂಡಿಯ ಆಚೆ ನಿಲ್ಲಿಸಿದ. ಸಿಂಪಡಿಸುವ ಮೂತಿಯನ್ನು ತಿರುಗಿಸಿ ಒತ್ತಿದ. ದಪ್ಪ ಹನಿಗಳು ಗುಂಡಿಯ ಕಡೆ ತಿರುಗಿಯೂ ನೋಡದೆ ನೆಟ್ಟಗೆ ಬಂದು ನನ್ನ ಬಿಳಿ ಅಂಗಿಗೆ ಬಡಿದವು. ಸಭೆ ಎದ್ದು ನಿಂತು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ರೇಷ್ಮೆ ಸೀರೆಯವಳು.

ಸಂಜೆ ಅವನು ನಮ್ಮ ಮನೆಯಲ್ಲೇ ಸ್ನಾನಕ್ಕೆ ಹೋದಾಗ ಅವನ ಫೋನು ಹೊಡೆದುಕೊಂಡಿತು. "ಎತ್ರೀ, ಯಾರೋ ಏನೋ" ಎಂದಳು ಹೆಂಡತಿ. ಎತ್ತಿದೆ. ದನಿಯಲ್ಲೇ ಗೊತ್ತಾಯಿತು, ನನ್ನದೇ ಕ್ಲಾಸಿನ ವಿದ್ಯಾರ್ಥಿನಿ; ಅವನು ಸಭೆಯಲ್ಲಿ ನಂಬರು ಕೊಟ್ಟಿದ್ದ. ನಾನು ಬಾಯಿ ತೆರೆಯುವ ಮೊದಲೇ, "ಸರ್, ದೊಡ್ಡ ಹನಿ ಯಾಕೆ ಗುಂಡಿಗೆ ಇಳಿಯಲ್ಲ?" ಎಂದಳು. ಮೇಷ್ಟ್ರ ಚಪಲ, ಶುರುಮಾಡಿಬಿಟ್ಟೆ. "ಅದಕ್ಕೆ ಭಾರ ಜಾಸ್ತಿಯಮ್ಮಾ. ಗಾಳಿ ಥಟ್ಟನೆ ತಿರುಗಿದರೂ ಅದು ಹೊರಟ ದಾರಿ ಬಿಡೋದಿಲ್ಲ. ಸಣ್ಣದು ಹಗುರ, ಗಾಳಿ ಕರೆದತ್ತ ಹೋಗುತ್ತೆ."

"ಅಬ್ಬಾ, ಈಗ ತಿಳೀತು ಸರ್! ಎಷ್ಟು ಚೆನ್ನಾಗಿ ಹೇಳ್ತೀರಿ. ನಮ್ಮ ಸರ್ ಪಾಠ ಮಾಡಿದ್ರೆ ಒಂದಕ್ಷರ ತಲೆಗೆ ಹೋಗಲ್ಲ" ಎಂದು ಫೋನಿಟ್ಟಳು.

"ಯಾರ್ರೀ?" ಎಂದಳು ಹೆಂಡತಿ.

"ಅವನನ್ನ ಹೊಗಳೋಕೆ ಫೋನ್ ಮಾಡಿದ್ರು" ಎಂದೆ. ನಿಜ ಹೇಳಬೇಕೆಂದರೆ, ಅಷ್ಟು ಚೆನ್ನಾಗಿ ವಿವರಿಸಿದವನ ಮೇಲೂ ನನಗೆ ಒಳಗೊಳಗೇ ಹೊಟ್ಟೆ ಉರಿಯಿತು.