ಚಿಕ್ಕಪ್ಪನ ಸಮುದ್ರದ ಬೂಷ್ಟು

ಬೂಷ್ಟು ಬಂದದ್ದನ್ನು ಲೋಕವೆಲ್ಲ ತಿಪ್ಪೆಗೆ ಎಸೆದರೆ, ನಮ್ಮ ಚಿಕ್ಕಪ್ಪ ಅದನ್ನು ಯೋಗಕ್ಷೇಮ ವಿಚಾರಿಸಿ ಒಳಗೆ ಕರೆದುಕೊಳ್ಳುತ್ತಿದ್ದರು! ಸುಳ್ಳೆನ್ನುವವರು ಎಪ್ಪತ್ತರ ದಶಕದ ಕೊನೆಯಲ್ಲಿ ಮುಳಬಾಗಿಲಿನ ನಮ್ಮ ಮನೆಗೆ ಬರಬೇಕಿತ್ತು.

ಅವರಿಗೆ ಕರಾವಳಿಯ ಪ್ರಯೋಗಾಲಯವೊಂದರಲ್ಲಿ ಕೆಲಸ. ಸಮುದ್ರದಲ್ಲಿ ಕೊಳೆತ ಮರದ ತುಂಡುಗಳ ಮೇಲಿನ ಬೂಷ್ಟನ್ನು ಬೆಳೆಸಿ, ಅದರಲ್ಲಿ ಕ್ಯಾನ್ಸರ್ ಜೀವಕೋಶಗಳನ್ನು ಕೊಲ್ಲುವ ಪದಾರ್ಥವೇನಾದರೂ ಇದೆಯೇ ಎಂದು ಹುಡುಕುವುದು. ಇಷ್ಟು ನನಗೆ ಬಾಯಿಪಾಠವಾಗಿತ್ತು, ಅರ್ಥ ಮಾತ್ರ ಆಗಿರಲಿಲ್ಲ. ಔಷಧಿ ಬೇಕಾದರೆ ಅಂಗಡಿಗೆ ಹೋಗಬೇಕು, ಸಮುದ್ರಕ್ಕೇಕೆ?

ಒಂದು ಬೇಸಿಗೆ ರಜೆಯಲ್ಲಿ, ಅಲ್ಲಿ ನೋಡಿಕೊಳ್ಳುವವರಿಲ್ಲವೆಂದು ಬೂಷ್ಟಿನ ಜಾಡಿಯನ್ನೂ ಅದಕ್ಕೆ ಹಾಕಲು ಒಂದು ಕ್ಯಾನ್ ಸಮುದ್ರದ ನೀರನ್ನೂ ಊರಿಗೇ ಹೊತ್ತುತಂದರು. ಕೋಲಾರದಲ್ಲಿ ಬಸ್ ಹತ್ತುವಾಗ ಕಂಡಕ್ಟರ್ ಕ್ಯಾನ್ ನೋಡಿ ತಡೆದು, ನಮ್ಮ ಕಡೆಯ ತೆಲುಗು ಬೆರೆತ ಕನ್ನಡದಲ್ಲಿ ಕೇಳಿದನಂತೆ.

"ಏಮಿ ಸಾರ್ ಇದಿ, ಸೀಮೆಎಣ್ಣೆನಾ?"

"ಸಮುದ್ರ ಕಣಪ್ಪ."

"ನಮ್ ಕಡೆ ನೀರಿಲ್ಲ ಅಂತ ಸಮುದ್ರಾನೇ ತಂದ್ಬಿಟ್ರಾ ಸಾರ್? ಕುಡಿಯಕ್ಕಾಗಲ್ವಲ್ಲ!"

ಅದೇ ರಜೆಯಲ್ಲಿ ಶ್ರೀನಿವಾಸಪುರದ ಮಾವಿನ ಮಂಡಿಯವರೊಬ್ಬರು ಚಿಕ್ಕಪ್ಪನಿಗೆ ಮಗಳನ್ನು ಕೊಡುವ ಮಾತಾಡಲು ಬಂದರು. ವರನ ಕೆಲಸ ಕೇಳಿ ಕಂಗಾಲಾದರು.

"ನಮ್ ಮಂಡೀಲಿ ಹಣ್ಣಿಗೆ ಬೂಷ್ಟು ಬಂದ್ರೆ ಎಸೀತೀವಿ. ನಿಮಗೆ ಅದಕ್ಕೇ ಸಂಬಳ ಕೊಡ್ತಾರಾ ಸ್ವಾಮಿ?"

"ಅಯ್ಯೋ, ಎಸೀಬೇಡಿ! ನಂಗೆ ಕಳಿಸ್ಕೊಡಿ!" ಎಂದರು ಚಿಕ್ಕಪ್ಪ. ಬಂದವರು ಕಾಫಿಯನ್ನೂ ಮುಗಿಸದೆ ಎದ್ದರು.

ನಿಜವಾದ ಪ್ರಳಯ ಆದದ್ದು ಮರುದಿನ.

"ಅಮ್ಮಾ, ಇಲ್ಲಿದ್ದ ಜಾಡಿ ಎಲ್ಲಿ?"

"ಬೂಷ್ಟು ಹಿಡಿದಿತ್ತು ಕಣೋ. ಬೂದಿ ಹಾಕಿ ತಿಕ್ಕಿಟ್ಟಿದೀನಿ. ಹೆಂಗೆ ಫಳಫಳ ಅಂತಿದೆ ನೋಡು!" ಎಂದಳು ಅಜ್ಜಿ.

ತಿಂಗಳುಗಟ್ಟಲೆ ಸಾಕಿದ್ದು ಬಚ್ಚಲು ಸೇರಿತ್ತು. ಚಿಕ್ಕಪ್ಪ ಕೂಗಾಡಲಿಲ್ಲ. ಒಗೆಯುವ ಕಲ್ಲಿನ ಮೇಲೆ ಕುಳಿತು ಖಾಲಿ ಜಾಡಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಅಜ್ಜಿಗೆ ಗಾಬರಿಯಾಯಿತು.

"ಅದ್ರಲ್ಲಿ ಔಷಧಿ ಇತ್ತೇನೋ?"

"ಗೊತ್ತಿಲ್ಲಮ್ಮ."

"ಗೊತ್ತಿಲ್ದೆ ಯಾಕೋ ಬೆಳೆಸ್ತೀಯ?"

"ಗೊತ್ತಿಲ್ಲ ಅಂತಾನೇ ಬೆಳೆಸೋದು!"

ನಮಗೆಲ್ಲ ತಲೆ ಇನ್ನಷ್ಟು ಕೆಟ್ಟಿತು. ಅವರು ಮತ್ತೆ ಕರಾವಳಿಗೆ ಹೋಗಿ ಮೊದಲಿನಿಂದ ಶುರುಮಾಡಿದರು.

ಕೆಲವು ವರ್ಷಗಳ ಮೇಲೆ ಅಜ್ಜಿಯ ಎದೆಯಲ್ಲಿ ಗಂಟು ಕಾಣಿಸಿತು. ಬೆಂಗಳೂರಿನ ಡಾಕ್ಟರು ನೋಡಿ, ಕೈಮೀರಿದೆ ಎಂದರು. ಅವಳು ಉಳಿಯಲಿಲ್ಲ. ಹೋಗುವ ಮುಂಚೆ ಒಂದು ಮಧ್ಯಾಹ್ನ ಚಿಕ್ಕಪ್ಪನನ್ನು ಹತ್ತಿರ ಕರೆದಳು.

"ನಿನ್ ಬೂಷ್ಟು ಒಂಚೂರು ಕೊಡೋ. ಎಷ್ಟ್ ಕಹಿಯಿದ್ರೂ ಕುಡೀತೀನಿ."

"ಅದಿನ್ನೂ ಔಷಧಿ ಆಗಿಲ್ಲಮ್ಮ..."

ಚಿಕ್ಕಪ್ಪ ಅತ್ತುಬಿಟ್ಟರು. ಅಷ್ಟು ದೊಡ್ಡವರು ಅಳುವುದನ್ನು ನಾನು ಅದೇ ಮೊದಲು ನೋಡಿದ್ದು.

"ಅಳ್ಬೇಡ್ವೋ," ಎಂದಳು ಅಜ್ಜಿ. "ನಂಗೋಸ್ಕರ ಆತುರ ಪಡಬೇಡ. ನಿಧಾನವಾಗಿ ಹುಡುಕು."

ಮಂಚದಲ್ಲಿ ಕಷ್ಟಪಟ್ಟು ಸರಿದು ಜಾಗ ಮಾಡಿಕೊಟ್ಟಳು. ತಲೆ ನರೆಯುತ್ತಿದ್ದ ಚಿಕ್ಕಪ್ಪ ಅವಳ ಪಕ್ಕದಲ್ಲಿ ಮುದುರಿಕೊಂಡು ಮಲಗಿಬಿಟ್ಟರು.