ಕೈಯಲ್ಲೊಂದು ಬುಟ್ಟಿ ಇದ್ದರೆ ಓಡಬಹುದು

ಹೌದು, ನಾನು ಓಡುತ್ತಿದ್ದೆ. ಗುಬ್ಬಿಯ ಕೆರೆ ಏರಿಯ ಮೇಲೆ, ಬೆಳಬೆಳಗ್ಗೆ, ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ನಮ್ಮ ಯಜಮಾನರ ಹಳೆಯ ಕ್ಯಾನ್ವಾಸ್ ಶೂಗಳ ಮೂತಿಗೆ ಬಟ್ಟೆ ತುರುಕಿ ಕಾಲಿಗೆ ಬಿಗಿದುಕೊಂಡು ಓಡುತ್ತಿದ್ದೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ, ಒಂದು ಮಗುವಿನ ತಾಯಿಯಾದ, ಸ್ವಲ್ಪ ಮೈ ತುಂಬಿಕೊಂಡ ಹೆಂಗಸೊಬ್ಬಳು ಓಡಿದರೆ ಯಾರ ಗಂಟು ಹೋಗುತ್ತದೆ ಎಂಬುದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ನಮ್ಮ ಜನಕ್ಕೆ ನಡೆಯುವವರನ್ನು ಕಂಡರೆ ಅಡ್ಡಿಯಿಲ್ಲ, ಕೂತವರನ್ನು ಕಂಡರೆ ಬಹಳ ಪ್ರೀತಿ, ಮಲಗಿದವರನ್ನು ಕಂಡರಂತೂ ಹೊದಿಕೆ ಸರಿಮಾಡಿ ಹೋಗುತ್ತಾರೆ. ಓಡುವವರನ್ನು ಕಂಡರೆ ಮಾತ್ರ ತಡೆದು ಕಾರಣ ಕೇಳದೆ ಬಿಡುವುದಿಲ್ಲ. ಅದರಲ್ಲೂ ಓಡುವುದು ಹೆಂಗಸಾದರೆ ಮುಗಿದೇ ಹೋಯಿತು.

ನನ್ನ ತವರು ಕುಣಿಗಲ್. ಅಲ್ಲಿ ಕುದುರೆ ಫಾರಂ ಇದೆಯೆಂದು ಎಲ್ಲರಿಗೂ ಗೊತ್ತು. ಚಿಕ್ಕವಳಿದ್ದಾಗ ಅಪ್ಪನ ಕೈ ಹಿಡಿದುಕೊಂಡು ಬೇಲಿಯ ಪಕ್ಕ ನಿಂತು ಕುದುರೆ ಓಡುವುದನ್ನು ನೋಡುತ್ತಿದ್ದೆ. ಹುರುಳಿ ಹಾಕಿ, ಮೈ ಉಜ್ಜಿ, ಬೆನ್ನು ತಟ್ಟಿ ಅವುಗಳನ್ನು ಓಡಿಸುತ್ತಿದ್ದರು. ದೊಡ್ಡ ದೊಡ್ಡ ಮನುಷ್ಯರು ಕಾರು ನಿಲ್ಲಿಸಿ, 'ಆಹಾ, ಏನು ಓಟ!' ಎನ್ನುತ್ತಿದ್ದರು. ಹೆಣ್ಣು ಕುದುರೆಗೂ ಹಾಗೆಯೇ ಅನ್ನುತ್ತಿದ್ದರು ಎಂಬುದನ್ನು ಗಮನಿಸಬೇಕು. 'ಏನವ್ವಾ, ಎಲ್ಲಿಗೆ ಹೊರಟೆ, ಮನೇಲಿ ಯಾರಿಗೇನಾಯ್ತು?' ಎಂದು ಒಬ್ಬರಾದರೂ ಆ ಕುದುರೆಯನ್ನು ತಡೆದು ಕೇಳಿದ್ದನ್ನು ನಾನು ಕಾಣೆ. ಮದುವೆಯಾಗಿ ಗುಬ್ಬಿಗೆ ಬಂದ ಮೇಲೆ ಈ ಮಾತನ್ನು ನಮ್ಮತ್ತೆಯ ಮುಂದೆ ಹೇಳಿದೆ. ಅವರು ಸೊಪ್ಪು ಬಿಡಿಸುತ್ತಾ, "ಕುಣಿಗಲ್ಲಿಂದ ಹೆಣ್ಣು ತರೋವಾಗ್ಲೇ ನಮ್ಮಣ್ಣ ಹೇಳಿದ್ದ, ಕಾಲು ನೋಡ್ಕೊಂಡು ತಗೊಳ್ರವ್ವಾ ಅಂತ," ಎಂದರು.

ಓಟದ ಹುಚ್ಚು ಹಿಡಿದದ್ದು ಒಂದು ಬಸ್ಸಿನಿಂದ. ಎಂಬತ್ತರ ದಶಕದ ಆರಂಭವಿರಬೇಕು. ಪರೀಕ್ಷೆಯ ಪೇಪರು ತಿದ್ದಲು ತುಮಕೂರಿಗೆ ಹೋಗಬೇಕಿತ್ತು. ಸ್ಟ್ಯಾಂಡಿನಲ್ಲಿ ಬಸ್ಸು ತಪ್ಪಿತು. ಕೆರೆಯ ಆಚೆ ತುದಿಯ ಸ್ಟಾಪಿನಲ್ಲಾದರೂ ಹಿಡಿಯೋಣವೆಂದು ಏರಿ ಹತ್ತಿ ಓಡಿದೆ. ಮೊದಮೊದಲು ಪ್ರಾಣ ಹೋಗುವಂತಾಯಿತು. ಆಮೇಲೆ ಏನಾಯಿತೋ, ಎದೆಯೊಳಗೆ ಯಾವುದೋ ಕಿಟಕಿ ತೆರೆದುಕೊಂಡಿತು. ಎಡಗಡೆ ಕೆರೆ, ಬಲಗಡೆ ತೆಂಗಿನ ತೋಟ, ನಡುವೆ ನಾನು. ಬಸ್ಸು ನನ್ನ ಕಣ್ಣೆದುರೇ ಧೂಳೆಬ್ಬಿಸಿಕೊಂಡು ಹೋಯಿತು. ಬೈಯಬೇಕೆಂದು ಬಾಯಿ ತೆರೆದರೆ ನಗು ಬಂತು. ಅಂಥ ನಗು ನನಗೆ ಮದುವೆಯಾದ ಮೇಲೆ ಬಂದೇ ಇರಲಿಲ್ಲ. ಮಾರನೆಯ ದಿನ ಯಾವ ಬಸ್ಸೂ ಹಿಡಿಯಬೇಕಾಗಿರಲಿಲ್ಲ, ಆದರೂ ಹೋಗಿ ಓಡಿದೆ.

ಆ ದಾರಿಯನ್ನು ನೀವು ನೋಡಬೇಕಿತ್ತು. ನಮ್ಮ ಬೀದಿ ದಾಟಿದರೆ ಏರಿ, ಏರಿಯುದ್ದಕ್ಕೂ ಹೊಂಗೆಮರ. ತೂಬಿನ ಹತ್ತಿರ ಕೊಕ್ಕರೆಗಳು ಒಂಟಿಕಾಲಲ್ಲಿ ನಿಂತಿರುತ್ತಿದ್ದವು, ನನ್ನ ಶೂ ಸದ್ದಿಗೆ ಇನ್ನೊಂದು ಕಾಲನ್ನೂ ಇಳಿಸುತ್ತಿದ್ದವು. ಏರಿ ಇಳಿದರೆ ಗಾಡಿ ಜಾಡು, ಅಲ್ಲೊಂದು ಬಿಲ್ವದ ಮರ. ಮುಂದೆ ಹೊಳೆ. ಹೊಳೆ ಎಂದರೆ ವರ್ಷದಲ್ಲಿ ಬಹಳ ದಿನ ಬರೀ ಮರಳು, ಮಳೆ ಬಂದಾಗ ಮಾತ್ರ ತಾನು ಹೊಳೆಯೆಂದು ನೆನಪು ಮಾಡಿಕೊಳ್ಳುತ್ತಿತ್ತು. ದಾಟಿದರೆ ಹುಣಸೆ ತೋಪು, ತೋಪಿನ ಕೊನೆಗೆ ಪುಟ್ಟ ಈಶ್ವರನ ಗುಡಿ. ಅಲ್ಲಿಂದ ವಾಪಸ್ಸು. ಬೆಳಗಿನ ಮಂಜಿನಲ್ಲಿ ಕೆರೆಯ ನೀರೂ ಆಕಾಶವೂ ಒಂದೇ ಬಟ್ಟೆಯಿಂದ ಹರಿದುಕೊಂಡಂತೆ ಕಾಣುತ್ತಿದ್ದವು. ಇದನ್ನೆಲ್ಲ ನಡೆದುಕೊಂಡೇ ನೋಡಬಹುದಲ್ಲ ಎಂದು ಯಜಮಾನರು ಕೇಳಿದರು. ನೋಡಬಹುದು. ಊಟವನ್ನೂ ಮೂಗಿನಿಂದ ಬರೀ ವಾಸನೆ ನೋಡಿ ಎದ್ದು ಬರಬಹುದು.

ಆದರೆ ಜನ ಬಿಡಬೇಕಲ್ಲ. ಒಬ್ಬ ಸೈಕಲ್ಲಿನವನು ಪಕ್ಕಕ್ಕೆ ಬಂದು, "ಹತ್ತಿ ಮೇಡಂ, ಹಿಂದ್ಗಡೆ ಕೂತ್ಕಳಿ, ಬಸ್ ಹಿಡ್ಸ್ತೀನಿ," ಎಂದ. ಬೇಡವೆಂದರೆ ಅವನಿಗೇ ಅವಮಾನ. ದನ ಹೊಡೆದುಕೊಂಡು ಹೋಗುತ್ತಿದ್ದ ಮುದುಕನೊಬ್ಬ ದನ ಬಿಟ್ಟು ನನ್ನ ಹಿಂದೆಯೇ ಓಡಿ ಬಂದ. "ಯಾರವ್ವಾ ಹೋಗಿದ್ದು? ನಿಮ್ಮತ್ತೇನಾ?" ಎಂದು ಏದುಸಿರು ಬಿಡುತ್ತಾ ಕೇಳಿದ. ಯಾರೂ ಹೋಗಿಲ್ಲ ತಾತ ಎಂದೆ. "ಮತ್ಯಾಕವ್ವಾ ನನ್ನ ಓಡ್ಸಿದ್ದು?" ಎಂದು ಸಿಟ್ಟು ಮಾಡಿಕೊಂಡು ಏರಿಯ ಮೇಲೆ ಕೂತುಬಿಟ್ಟ. ನಾನು ಮನೆಗೆ ಬರುವಷ್ಟರಲ್ಲಿ ಇಬ್ಬರು ಹೆಂಗಸರು ಸೆರಗು ಬಾಯಿಗೆ ಹಿಡಿದುಕೊಂಡು ನಮ್ಮ ಜಗಲಿಯ ಮೇಲಿದ್ದರು. ಅತ್ತೆ ಅವರಿಗೆ ಕಾಫಿ ಕೊಟ್ಟು, ತಾವು ಬದುಕಿರುವುದನ್ನು ರುಜುವಾತು ಮಾಡಿ ಕಳಿಸಿದರು.

ಅವತ್ತು ಪಂಚಾಯಿತಿ ಸೇರಿತು. ಯಜಮಾನರು ತುಮಕೂರಿನ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ, "ನೀವು ನೀವೇ ಮಾತಾಡ್ಕೊಳ್ಳಿ," ಎಂದು ಜಾರಿಕೊಂಡರು. ಅವರು ಸಭೆಯಲ್ಲಿ ಅಷ್ಟು ಮಾತಾಡಿದ್ದೇ ಹೆಚ್ಚು. ನಾನು ಓಡುವುದನ್ನು ಬಿಡುವುದಿಲ್ಲವೆಂದು ಸಾಫ್ ಹೇಳಿದೆ. ಬೈಗುಳಕ್ಕೆ ಸಿದ್ಧಳಾಗಿಯೂ ನಿಂತೆ. ಅತ್ತೆ ಬೈಯಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಓಡೋದೇನೋ ಓಡು. ಕೈ ಬೀಸ್ಕೊಂಡು ಓಡ್ಬೇಡ ಕಣೆ. ಏನಾದ್ರೂ ಹಿಡ್ಕೊಂಡು ಓಡು. ಕೈಲಿ ಸಾಮಾನಿದ್ರೆ ಹೆಂಗಸನ್ನ ಯಾರೂ ಕೇಳಲ್ಲ," ಎಂದರು. ಆಮೇಲೆ ಒಳಗೆ ಹೋಗಿ ತಮ್ಮ ಬಿದಿರಿನ ಹೂಬುಟ್ಟಿ ತಂದು ನನ್ನ ಕೈಗಿಟ್ಟರು.

ಅತ್ತೆಯ ತಲೆ ಎಂಥದ್ದು ಎನ್ನುತ್ತೀರಿ! ಬುಟ್ಟಿ ಹಿಡಿದ ದಿನದಿಂದ ಏರಿಯ ಮೇಲೆ ಒಂದು ನರಪಿಳ್ಳೆಯೂ ನನ್ನನ್ನು ತಡೆಯಲಿಲ್ಲ. ಬಿಲ್ವಪತ್ರೆ ಕಿತ್ತು ಗುಡಿಯ ಬಾಗಿಲಲ್ಲಿಟ್ಟು ಬರುತ್ತಿದ್ದೆ. ಆದರೆ ಬುಟ್ಟಿಗೆ ಇನ್ನೊಂದು ಗುಣವಿದೆ, ಖಾಲಿ ಕಂಡರೆ ಊರಿಗೆ ತಡೆಯಲಾಗುವುದಿಲ್ಲ. ಎದುರು ಮನೆ ಗಂಗಮ್ಮನವರು, "ಹೆಂಗಿದ್ರೂ ಹೋಗ್ತೀರಲ್ಲ ಮೇಡಂ, ಬರ್ತಾ ಒಂದ್ ಹಿಡಿ ಹುಣಸೆ ಚಿಗುರು," ಎಂದರು. ಅವರ ಪಕ್ಕದ ಮನೆಯವರಿಗೆ ಹೊನಗೊನ್ನೆ ಸೊಪ್ಪು. ಮೂಲೆಮನೆಯವರಿಗೆ ತೆಂಗಿನ ಗರಿ, ಪೊರಕೆ ಮಾಡುವುದಕ್ಕೆ. ತೆಂಗಿನ ಗರಿ ಎಳೆದುಕೊಂಡು ಓಡಿ ನೋಡಿ, ಆಗ ನನ್ನ ಕಷ್ಟ ಗೊತ್ತಾಗುತ್ತದೆ. ನಾನು ಓಡುತ್ತಿದ್ದೇನೋ ಬೀದಿಯ ಸಂತೆ ಮಾಡುತ್ತಿದ್ದೇನೋ ನನಗೇ ಅನುಮಾನ ಬಂತು. ಆದರೂ ಸಹಿಸಿಕೊಂಡೆ, ಹೊಳೆಯ ಮರಳಿನ ಮೇಲೆ ಕಾಲಿಡುವ ಆ ಗಳಿಗೆಗಾಗಿ ಏನು ಹೊರಲಿಕ್ಕೂ ತಯಾರಿದ್ದೆ.

ಸಹಿಸಲಾಗದ್ದು ಬೇರೆ ಇತ್ತು. ಒಂದು ಸಂಜೆ ನನ್ನ ಮಗಳು ಸುಮಾ, ಆಗಿನ್ನೂ ಪ್ರೈಮರಿ ಸ್ಕೂಲು, ಹೋಂವರ್ಕ್ ಮಾಡುತ್ತಾ ಕೂತವಳು ತಲೆಯೆತ್ತದೆ ಕೇಳಿದಳು. "ಅಮ್ಮಾ, ನೀನು ಗಂಡು ಮಗು ಬೇಕು ಅಂತ ಈಶ್ವರಂಗೆ ಹರಕೆ ಹೊತ್ಕೊಂಡು ಓಡ್ತಿದೀಯಂತೆ. ನಾನು ಸಾಲಲ್ವಾ ನಿಂಗೆ?"

ಆಗ ಗೊತ್ತಾಯಿತು. ಬಿಲ್ವಪತ್ರೆ, ಗುಡಿ, ಒಬ್ಬಳೇ ಹೆಣ್ಣುಮಗಳು, ದಿನಾ ಓಟ. ಬೀದಿಯವರು ಕೂಡಿಸಿ ಲೆಕ್ಕ ಮಾಡಿದ್ದರು. ಅದಕ್ಕೇ ಗಂಗಮ್ಮನವರು ಇತ್ತೀಚೆಗೆ ನನ್ನ ಹೊಟ್ಟೆಯ ಕಡೆ ನೋಡಿ ನಗುತ್ತಿದ್ದದ್ದು! ಅತ್ತೆಯನ್ನು ಕೇಳಿದೆ. "ನಾನು ಹೂಂ ಅನ್ಲಿಲ್ಲ, ಊಹೂಂ ಅಂತಾನೂ ಅನ್ಲಿಲ್ಲ. ಹರಕೆ ಅಂದ್ರೆ ಊರು ಬಾಯಿ ಮುಚ್ಕೊಳುತ್ತೆ. ನಿಂಗೆ ಓಡೋದ್ ತಾನೇ ಬೇಕಾಗಿದ್ದು?" ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನನ್ನ ಮೈ ಮಾತ್ರ ಉರಿದುಹೋಯಿತು. ಮಗಳನ್ನು ತಬ್ಬಿಕೊಂಡು, ನೀನು ಸಾಲುತ್ತೀಯ, ಬೇಕಾದಷ್ಟು ಸಾಲುತ್ತೀಯ ಎಂದೆ. ಬುಟ್ಟಿಯನ್ನು ಅಟ್ಟದ ಮೇಲೆ ಎಸೆದೆ.

ಮಾರನೆಯ ಬೆಳಿಗ್ಗೆ ಬರಿಗೈಯಲ್ಲಿ ಓಡಿದೆ. ಬರೀ ಓಡಲಿಲ್ಲ, ಎರಡೂ ಕೈ ಬೀಸಿಕೊಂಡು, ಬೇಕೆಂದೇ ಜೋರಾಗಿ ಉಸಿರು ಬಿಡುತ್ತಾ ಓಡಿದೆ. ಸೈಕಲ್ಲಿನವನು ಬಂದರೆ ಬರಲಿ, ದನದವನು ಬಂದರೆ ಬರಲಿ, ಯಾರಿಗೂ ಕಾರಣ ಹೇಳುವುದಿಲ್ಲವೆಂದು ಹಟ. ತೂಬಿನ ಹತ್ತಿರ ಬಟ್ಟೆ ಒಗೆಯುತ್ತಿದ್ದ ಹೆಂಗಸರ ಗುಂಪಿನಿಂದ ಗಂಗಮ್ಮನವರು ಎದ್ದು ನಿಂತರು. "ಏನ್ ಮೇಡಂ, ಬುಟ್ಟಿ ಇಲ್ಲ! ಹರಕೆ ತೀರ್ತಾ?"

ನಿಂತೆ. ಇಡೀ ಕೆರೆಗೆ ಕೇಳುವ ಹಾಗೆ ಹೇಳಿದೆ. "ತೀರ್ತು ಗಂಗಮ್ಮನೋರೆ! ಹೆಣ್ಣು ಮಗು ಬೇಕು ಅಂತ ಹೊತ್ತಿದ್ದೆ. ಈಶ್ವರ ಮೊದ್ಲೇ ಕೊಟ್ಟುಬಿಟ್ಟಿದಾನೆ!"

 ನಾನು ಗೆದ್ದ ಕುದುರೆಯ ಹಾಗೆ ಕತ್ತೆತ್ತಿಕೊಂಡು ಓಡಿದೆ. ಹೊಳೆ ದಾಟುವಾಗಲೂ ಕಾಲು ನೆಲಕ್ಕೆ ತಾಕಲಿಲ್ಲ. ಊರಿನ ಬಾಯಿಗೆ ಬೀಗ ಹಾಕಿದೆನೆಂದು ತಿಳಿದಿದ್ದೆ.

ಬೀಗ ಹಾಕುವವಳು ನಾನು, ಕೀಲಿಕೈ ಊರಿನ ಹತ್ತಿರ. ಎರಡು ದಿನ ಬಿಟ್ಟು ಏರಿಯ ಬುಡದಲ್ಲಿ ಜಯಮ್ಮ ಕಾಯುತ್ತಾ ನಿಂತಿದ್ದಳು. ಜಯಮ್ಮ ಅಕ್ಕಿ ಗಿರಣಿಯ ಡ್ರೈವರನ ಹೆಂಡತಿ, ಅವಳ ಮೂರು ಗಂಡುಮಕ್ಕಳೂ ನಮ್ಮ ಸ್ಕೂಲಿನಲ್ಲೇ ಇದ್ದು ಮೇಷ್ಟ್ರುಗಳ ಜೀವ ತಿನ್ನುತ್ತಿದ್ದರು. ಕೈಯಲ್ಲಿ ಹೊಸ ಬುಟ್ಟಿ. "ಮೇಡಮ್ನೋರೆ, ಆ ಗುಡೀಲಿ ಹೆಣ್ಣು ಕೊಡ್ತಾನಂತಲ್ಲ ಈಶ್ವರ? ಮೂರು ಗಂಡು ಸಾಕಾಗೈತೆ. ನಾನೂ ನಿಮ್ ಜೊತೆ ಓಡ್ತೀನಿ, ಬ್ಯಾಡ ಅನ್ಬೇಡಿ."

ಏನು ಹೇಳಲಿ? ವಿಜ್ಞಾನದ ಮೇಡಂ ನಾನು. ಓಡುತ್ತಲೇ ಅವಳಿಗೆ ಪಾಠ ಶುರುಮಾಡಿದೆ. ಓಟಕ್ಕೂ ಹೆಣ್ಣಿಗೂ ಸಂಬಂಧವಿಲ್ಲ ಕಣಮ್ಮ, ಮಗು ಹೆಣ್ಣೋ ಗಂಡೋ ಆಗುವುದು ಹೀಗೆ ಹೀಗೆ ಎಂದು ಬೋರ್ಡು ಒಂದಿಲ್ಲದೆ ಎಲ್ಲವನ್ನೂ ವಿವರಿಸಿದೆ. ದಿನಾ ಅದೇ ಪಾಠ. ನಿಜವಾಗಿ ಹೆಣ್ಣು ಬೇಕಾ, ನಿನ್ನ ಗಂಡನಿಗೆ ಗೊತ್ತಾ, ಯಾಕೆ ಇಷ್ಟು ಕಷ್ಟಪಡ್ತೀಯಾ, ಯಾಕೆ ಓಡ್ತೀಯಾ ಎಂದು ಪ್ರಶ್ನೆ ಮೇಲೆ ಪ್ರಶ್ನೆ. ಅವಳು "ಹೂಂ ಮೇಡಂ, ಹೂಂ ಮೇಡಂ" ಎನ್ನುತ್ತಾ ಬರಿಗಾಲಲ್ಲಿ ನನ್ನನ್ನು ದಾಟಿ ಹೋಗುತ್ತಿದ್ದಳು. ಗುಡಿಯ ಹತ್ತಿರ ನಾನು ತಲುಪುವಾಗ ಅವಳು ಕಲ್ಲಿನ ಮೇಲೆ ಕೂತು ಸೆರಗಲ್ಲಿ ಗಾಳಿ ಹಾಕಿಕೊಳ್ಳುತ್ತಿರುತ್ತಿದ್ದಳು. ಮುಖ ಮಾತ್ರ ಕೆಂಪಗೆ, ಅಂದು ಬಸ್ಸು ತಪ್ಪಿಸಿಕೊಂಡ ನನ್ನ ಮುಖ ಹಾಗೇ ಇದ್ದಿರಬೇಕು.

ಒಂದು ದಿನ ಪಾಠ ಜೋರಾಗಿಯೇ ನಡೆದಿತ್ತು. ಹುಣಸೆ ತೋಪಿನಲ್ಲಿ ಜಯಮ್ಮ ನಿಂತುಬಿಟ್ಟಳು. ಅತ್ತಿತ್ತ ನೋಡಿ, "ಮೇಡಮ್ನೋರೆ, ನಿಮಗೊಬ್ರಿಗೆ ಹೇಳ್ತೀನಿ, ಯಾರ ಹತ್ರಾನೂ ಅನ್ಬೇಡಿ. ನಂಗೆ ಹೆಣ್ಣೂ ಬ್ಯಾಡ, ಗಂಡೂ ಬ್ಯಾಡ. ಇರೋ ಮೂರ್ನ ಸಾಕೀ ಸಾಕಾಗೈತೆ. ನೀವು ಓಡೋದ ತೂಬಿನ ಹತ್ರ ಬಟ್ಟೆ ಒಗೀತಾ ದಿನಾ ನೋಡ್ತಿದ್ದೆ. ಅವತ್ತು ಬುಟ್ಟಿ ಬಿಟ್ಟು ಕೈ ಬೀಸ್ಕೊಂಡು ಓಡಿದ್ರಲ್ಲ, ನಂಗೂ ಆಸೆ ಆಯ್ತು. ಸುಮ್ನೆ ಓಡ್ತೀನಿ ಅಂದ್ರೆ ನಮ್ಮನೇಲಿ ಬುಡ್ತಾರಾ?" ಎಂದಳು.

 ಊರೆಲ್ಲ ನನ್ನನ್ನು ಯಾಕೆ ಓಡುತ್ತೀಯಾ ಎಂದು ಕೇಳಿತೆಂದು ಉರಿದ ನಾನೇ ಅವಳನ್ನು ಅದೆಷ್ಟು ಸಲ ಅದೇ ಪ್ರಶ್ನೆ ಕೇಳಿದ್ದೆ! ಸಾಲದ್ದಕ್ಕೆ ಪಾಠ ಬೇರೆ. "ಆ ಬುಟ್ಟಿ ಇಲ್ಲೇ ಇಡೆ," ಎಂದೆ. ಹುಣಸೆಮರದ ಬುಡದಲ್ಲಿ ಬುಟ್ಟಿ ಇಟ್ಟು ಇಬ್ಬರೂ ನಾಲ್ಕು ಕೈ ಬೀಸಿಕೊಂಡು ಗುಡಿಯವರೆಗೆ ಓಡಿದೆವು. ನಾನು ಸೋತೆ, ಅದು ಬೇರೆ ವಿಷಯ. ವಾಪಸ್ಸು ಬಂದು ನೋಡಿದರೆ ಅಷ್ಟರಲ್ಲೇ ಯಾರೋ ಪುಣ್ಯಾತ್ಗಿತ್ತಿ ಬುಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ಮುಂದೆ ಎರಡು ಊದುಬತ್ತಿ ಸಿಕ್ಕಿಸಿ ಹೋಗಿದ್ದಳು.

ಜಯಮ್ಮ ಗಾಬರಿಯಾಗಿ ಕೈ ಮುಗಿದಳು. ವಿಜ್ಞಾನದ ಮೇಡಂ ಅತ್ತಿತ್ತ ನೋಡಿದಳು. ಯಾರೂ ಇರಲಿಲ್ಲ. ಶೂ ಬಿಚ್ಚಿ ಪಕ್ಕಕ್ಕಿಟ್ಟು ನಾನೂ ಕೈ ಮುಗಿದೆ. ಏನು ಮಾಡಲಿ, ನಮ್ಮನ್ನು ಓಡಲು ಬಿಟ್ಟ ದೇವರು ಊರಿನಲ್ಲಿ ಅದೊಂದೇ ಇತ್ತು.