ಒಂದು ಗುಡಿಸು ಹೆಚ್ಚು

ಪೇಂಟರ್‌ನ ಮಾನ ಹೋಗಿದ್ದು ಒಂದು ಗುಡಿಸಿನಿಂದ.

ಚಳಿಗಾಲದ ಮಳೆ ಕುಡಿದು ಕಡಲಂಚಿನ ಗುಡ್ಡ ನೆನೆದ ಬಿಸ್ಕತ್ತಿನಂತೆ ಉದುರುತ್ತಿತ್ತು. ತುದಿಯಲ್ಲೊಂದು ಎಚ್ಚರಿಕೆಯ ಬೋರ್ಡು ಬರೆಯಲು ನಗರಸಭೆಯವರು ಹೇಳಿದ್ದರು. ಬರೆಯಬೇಕಿದ್ದದ್ದು ‘ಇಲ್ಲಿ ನಿಲ್ಲಬೇಡಿ’. ಹಲಗೆ ಕಿರಿದು, ಪದ ಮುರಿದು ಎರಡು ಸಾಲಾಯಿತು. ಕೊರೆವ ಗಾಳಿಗೆ ಕೈ ನಡುಗಿ ‘ಲ್ಲ’ದ ತಲೆಯ ಮೇಲೆ ಗುಡಿಸೊಂದು ಕೂತಿತು.

ಮರುದಿನ ಬೆಳಿಗ್ಗೆ ಹೆಂಡತಿ ಅಂದಳು, “ಗುಡ್ಡದ ತುದೀಲಿ ಜನವೋ ಜನ ಕಣ್ರೀ! ‘ಇಲ್ಲಿ ನಿಲ್ಲಿ, ಬೇಡಿ’ ಅಂತ ಬೋರ್ಡು ಹಾಕಿದಾರಂತೆ. ಬೇಡಿದ್ದು ಸಿಗುತ್ತಂತೆ. ನಮ್ಮಮ್ಮನೂ ಹೋದ್ಲು. ಅದನ್ನ ಬರೆದದ್ದು ನೀವೇ ಅಲ್ವಾ?”

ಪೇಂಟರ್ ಚಹಾದ ಲೋಟ ಕೆಳಗಿಟ್ಟ. “ನಾನಲ್ಲ” ಎಂದುಬಿಟ್ಟ. ಮದುವೆಯಾದಾಗಿನಿಂದ ಆತ ಒಂದು ತಪ್ಪನ್ನೂ ಒಪ್ಪಿದವನಲ್ಲ. ಛತ್ರಿ ಕಳೆದರೂ ತಪ್ಪು ಮಳೆಯದೇ.

ಬಣ್ಣದ ಡಬ್ಬಿಯನ್ನು ಕೋಟಿನೊಳಗೆ ಕಳ್ಳಮಾಲಿನಂತೆ ಬಚ್ಚಿಟ್ಟು ಓಡಿದ. ತುದಿಯಲ್ಲಿ ಟೈಲರ್, ಬೇಕರಿಯವಳು, ಅರ್ಧ ಬೀದಿಯೇ ಕಣ್ಣು ಮುಚ್ಚಿ ನಿಂತಿತ್ತು. ಎಲ್ಲರಿಗಿಂತ ಮುಂದೆ ಅತ್ತೆ. ಆಕೆಯ ಹಿಂದೆ ನೆಲದಲ್ಲಿ ಬಿರುಕು.

“ಹಿಂದೆ ಬನ್ರೀ, ಕುಸಿಯುತ್ತೆ!”

ಟೈಲರ್ ಒಂದೇ ಕಣ್ಣು ತೆರೆದ. “ಬೋರ್ಡು ಬರೆದವನಿಗಿಂತ ನಿಂಗೆ ಜಾಸ್ತಿ ಗೊತ್ತೇನಯ್ಯಾ?”

ಪೇಂಟರ್‌ನ ಕಿವಿ ಕೆಂಪೇರಿತು. ಮೆಲ್ಲನೆ ಗುಡಿಸು ಅಳಿಸಲು ಹೋದರೆ ಬೇಕರಿಯವಳು ಮುಂಗೈ ಹಿಡಿದಳು. “ನಮ್ಮ ಅದೃಷ್ಟಕ್ಕೆ ಬಣ್ಣ ಬಳೀತೀಯಾ?” ಎಳೆದಾಟದಲ್ಲಿ ಡಬ್ಬಿ ಅವನ ಪ್ಯಾಂಟಿನ ಮೇಲೇ ಮಗುಚಿತು. ಅಷ್ಟರಲ್ಲಿ ಬಿರುಕು ಚಪ್ಪಲಿ ತೂರುವಷ್ಟು ಅಗಲವಾಗಿತ್ತು.

“ಬರೆದದ್ದು ನಾನೇ!” ಪೇಂಟರ್ ಕಿರುಚಿದ. “ತಪ್ಪು ನಂದು! ‘ನಿಲ್ಲಬೇಡಿ’ ಅಂತ ಬರೀಬೇಕಿತ್ತು!”

ಕುಸಿತಕ್ಕೆ ಹೆದರದವರು ಬೈಯುವ ಆಸೆಗೆ ಓಡಿಬಂದು ಮುತ್ತಿದರು. “ಯಾವ ಶಾಲೆಯೋ ನಿಂದು?” “ಗುಡಿಸು ಬಿಟ್ಟಿ ಸಿಕ್ತಾ?” ಅತ್ತೆಯೂ ಬಂದಳು. ಬೆನ್ನ ಹಿಂದೆ ನೆಲ ಹೂಂಕರಿಸಿತು. ಅವರು ನಿಂತಿದ್ದ ಜಾಗ ಬೋರ್ಡಿನ ಸಮೇತ ಕಡಲಿಗೆ ಜಾರಿತು.

ಪೇಂಟರ್ ತಲೆ ತಗ್ಗಿಸಿದ. ಮಾನ ಹೋದರೂ ಜೀವಗಳು ಉಳಿದವಲ್ಲ ಎಂದುಕೊಂಡ.

ಅತ್ತೆ ಮಾತ್ರ ಅಳಿಯನನ್ನೇ ಬೆರಗಿನಿಂದ ನೋಡುತ್ತಿದ್ದಳು.

“ನೀವೇನು ಬೇಡಿದ್ರಿ ಅಜ್ಜೀ?” ಬೇಕರಿಯವಳು ಕೇಳಿದಳು.

“ನಮ್ಮ ಅಳಿಯ ನಾನು ಸಾಯೋದ್ರೊಳಗೆ ಒಂದ್ಸಲನಾದ್ರೂ ತನ್ನ ತಪ್ಪು ಒಪ್ಕೊಳ್ಳಲಿ ಅಂತ.”

ಅಷ್ಟೇ ಸಾಕಾಯಿತು, ಇಡೀ ಗುಂಪು ಹೊಸ ಅಂಚಿನತ್ತ ದೌಡಾಯಿಸಿತು, ಮುಂದೆ ಅತ್ತೆಯೇ.

ಬಣ್ಣದ ಪ್ಯಾಂಟು ಹಿಡಿದುಕೊಂಡು ಪೇಂಟರ್ ಹಿಂದೆ ಓಡಿದ. “ನಿಲ್ರೀ! ಬೇಡ್ರೀ!”

“ಕೇಳಿದ್ರಾ?” ಟೈಲರ್ ಓಡುತ್ತಲೇ ಕೂಗಿದ. “ಈಗ ಬಾಯಲ್ಲೂ ಅದನ್ನೇ ಹೇಳ್ತಿದಾನೆ!”